ಒಣಗಿರಬೇಕು, ಬೆಚ್ಚಗಿರಬಾರದು: ಮಲೆನಾಡಿನ ಮನೆಗೊಂದು ಸೆಲ್ಲಿನ ಪೆಟ್ಟಿಗೆ

ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಅಟ್ಟ ಸೇರುವ ಸಾಮಾನುಗಳಲ್ಲಿ ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿಗಳ ಜೊತೆಗೆ ಒಂದು ತಗಡಿನ ಡಬ್ಬಿಯೂ ಇರುತ್ತಿತ್ತು. ಟಾರ್ಚಿಗೆ, ರೇಡಿಯೊಗೆ, ಗೋಡೆ ಗಡಿಯಾರಕ್ಕೆ ಬೇಕಾಗುವ ಸೆಲ್ಲುಗಳೆಲ್ಲ ಅದರಲ್ಲಿ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬ್ಯಾಟರಿ ಎಂದರೆ ಟಾರ್ಚು, ಅದರ ಹೊಟ್ಟೆಗೆ ಹಾಕುವುದು ಶೆಲ್ಲು. ಅಡುಗೆಮನೆಯ ಸೌದೆ ಒಲೆಯ ನೆತ್ತಿಯ ಮೇಲಿನ ಅಟ್ಟವೊಂದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಖಾತ್ರಿಯಾಗಿ ಒಣಗಿರುವ ಜಾಗ. ಉಪ್ಪು ನೀರೊಡೆಯುವ, ಬೀರುವಿನಲ್ಲಿರುವ ಬೆಲ್ಟಿಗೂ ಬೂಷ್ಟು ಹಿಡಿಯುವ ಆ ನಾಲ್ಕು ತಿಂಗಳಲ್ಲಿ ತೇವ ತಾಗಬಾರದ ವಸ್ತುವೆಲ್ಲ ಅಲ್ಲಿಗೇ ಹೋಗಬೇಕು ಎಂಬುದು ತಲೆಮಾರುಗಳ ತಿಳಿವಳಿಕೆ, ಹಪ್ಪಳದ ಮಟ್ಟಿಗೆ ಅದು ಸರಿಯೂ ಹೌದು. "ಶೆಲ್ಲನ್ನೂ ಅಲ್ಲೇ ಇಡೋ ಮಗಾ, ಬೆಚ್ಚಗಿರ್ಲಿ" ಎಂದು ಅಮ್ಮ ಹೇಳುತ್ತಿದ್ದರು, ನಾನು ಇಡುತ್ತಿದ್ದೆ.

ಈ ವರ್ಷ ಮೃಗಶಿರಾ ಮಳೆ ಹಿಡಿದ ಮೂರನೆಯ ದಿನ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಡಬ್ಬಿ ಇಳಿಸಿ ನೋಡಿದರೆ, ಎರಡು ವರ್ಷದ ಹಿಂದೆ ಕೊಂಡು ಒಮ್ಮೆಯೂ ಬಳಸದ 12 ಆಲ್ಕಲೈನ್ ಸೆಲ್ಲುಗಳಲ್ಲಿ ಮೂರರ ಬುಡದಲ್ಲಿ ಬಿಳಿಯ ಹರಳು ಮೂಡಿತ್ತು. ಚಾರ್ಜ್ ಮಾಡಿ ಇಟ್ಟಿದ್ದ ನಿಕಲ್ ಸೆಲ್ಲುಗಳು ಟಾರ್ಚನ್ನು ಹತ್ತು ನಿಮಿಷವೂ ಉರಿಸಲಿಲ್ಲ. ಅಪ್ಪನ ಕಾಲದ ಟ್ರಾನ್ಸಿಸ್ಟರ್ ರೇಡಿಯೊದೊಳಗೆ ಮರೆತು ಬಿಟ್ಟಿದ್ದ ಸೆಲ್ಲುಗಳು ಒಡೆದು, ಸ್ಪ್ರಿಂಗು ಹಸಿರುಗಟ್ಟಿತ್ತು. ಒಣಗಿರುವ ಜಾಗದಲ್ಲೇ ಇಟ್ಟಿದ್ದರೂ ಹೀಗೇಕಾಯಿತು ಎಂಬ ಪ್ರಶ್ನೆಯಿಂದ ಆರಂಭವಾದ ಕೆಲಸ ಉತ್ತರೆ ಮಳೆಯವರೆಗೂ ನಡೆಯಿತು. ಅದರ ದಾಖಲೆ ಇದು.

ಮೊದಲು ಮಾಡಿದ್ದು ಅಳತೆ. ತಾಪವನ್ನೂ ಗಾಳಿಯ ತೇವವನ್ನೂ ತೋರಿಸುವ ಬೆಂಕಿಪೊಟ್ಟಣದ ಗಾತ್ರದ ಡಿಜಿಟಲ್ ಮಾಪಕಗಳು ಈಗ ಸುಲಭ ಬೆಲೆಗೆ ಸಿಗುತ್ತವೆ. ಅಂಥ ಮೂರನ್ನು ತಂದು, ಒಂದು ದಿನ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮೂರೂ ಹೆಚ್ಚುಕಡಿಮೆ ಒಂದೇ ಅಂಕೆ ತೋರಿಸುತ್ತವೆ ಎಂದು ಖಾತ್ರಿ ಮಾಡಿಕೊಂಡೆ. ಬಳಿಕ ಅಟ್ಟದ ಮೇಲೊಂದು, ಫ್ರಿಜ್ಜಿನ ನೆತ್ತಿಯ ಮೇಲೊಂದು, ಬಿಸಿಲೇ ಬೀಳದ ಉತ್ತರದ ಕೋಣೆಯ ಗೋಡೆ ಬೀರುವಿನಲ್ಲಿ ಮತ್ತೊಂದನ್ನು ಇಟ್ಟು ಒಂದು ವಾರ ಬೆಳಿಗ್ಗೆ ಸಂಜೆ ಬರೆದುಕೊಂಡೆ. ಒಲೆ ಉರಿಯುವ ಹೊತ್ತಿನಲ್ಲಿ ಅಟ್ಟದ ತಾಪ 36ರಿಂದ 41 ಡಿಗ್ರಿ ಸೆಲ್ಸಿಯಸ್, ತೇವ ಶೇಕಡಾ 38ರ ಆಸುಪಾಸು. ಫ್ರಿಜ್ಜಿನ ಮೇಲೆ 29 ಡಿಗ್ರಿ. ಉತ್ತರದ ಕೋಣೆಯಲ್ಲಿ ಹಗಲಿರುಳೂ 20ರಿಂದ 22 ಡಿಗ್ರಿ, ಆದರೆ ತೇವ ಶೇಕಡಾ 92.

ಈ ಅಂಕೆಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ನಮ್ಮ ತಪ್ಪು ತಿಳಿಯಿತು. ಅಟ್ಟದ ಗಾಳಿ ಬೇರೆ ಗಾಳಿಯೇನಲ್ಲ. ಕೋಣೆಯಲ್ಲಿರುವ ಅದೇ ಒದ್ದೆ ಗಾಳಿ ಕಾದು, ಇನ್ನಷ್ಟು ನೀರು ಹೀರುವ ಶಕ್ತಿ ಪಡೆದಿರುವುದರಿಂದಲೇ ಅದು ಒಣಗಾಳಿ ಎನ್ನಿಸಿಕೊಳ್ಳುತ್ತದೆ. ಮಲೆನಾಡಿನಲ್ಲಿ ಒಣಗಿಸುವುದು ಎಂದರೆ ಬೆಚ್ಚಗೆ ಮಾಡುವುದೇ ಆಗಿರುವುದರಿಂದ ಎರಡೂ ಒಂದೇ ಎಂದು ನಾವು ಎಣಿಸಿಬಿಟ್ಟಿದ್ದೇವೆ. ಆದರೆ ಸೆಲ್ಲಿಗೆ ಬೇಕಾದದ್ದು ಒಣ ಮತ್ತು ತಂಪು ಜಾಗ. ಸೆಲ್ಲಿನೊಳಗೆ ನಡೆಯುವುದು ರಾಸಾಯನಿಕ ಕ್ರಿಯೆ, ಅದು ನಾವು ಸ್ವಿಚ್ಚು ಹಾಕದಿದ್ದಾಗಲೂ ಸಣ್ಣಗೆ ನಡೆಯುತ್ತಲೇ ಇರುತ್ತದೆ, ಮತ್ತು ತಾಪ ಹತ್ತು ಡಿಗ್ರಿ ಏರಿದರೆ ಆ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. 21 ಡಿಗ್ರಿಯ ಕೋಣೆಯನ್ನು ಬಿಟ್ಟು 41 ಡಿಗ್ರಿಯ ಅಟ್ಟಕ್ಕೆ ಏರಿಸಿದ ಸೆಲ್ಲು ನಾಲ್ಕು ಪಟ್ಟು ವೇಗವಾಗಿ ತನ್ನನ್ನು ತಾನೇ ತಿನ್ನುತ್ತಿತ್ತು ಎಂದಾಯಿತು.

ಹಾಗೆಂದು ಎಲ್ಲ ಬಗೆಯ ಸೆಲ್ಲಿಗೂ ನಷ್ಟ ಒಂದೇ ಅಲ್ಲ. ಆಲ್ಕಲೈನ್ ಸೆಲ್ಲು 20 ಡಿಗ್ರಿಯಲ್ಲಿ ವರ್ಷಕ್ಕೆ ಶೇಕಡಾ 2ರಿಂದ 3ರಷ್ಟನ್ನು ಮಾತ್ರ ಕಳೆದುಕೊಳ್ಳುತ್ತದೆ, ಆದ್ದರಿಂದ ಬೆಚ್ಚಗಿಟ್ಟರೂ ಶಕ್ತಿಯ ನಷ್ಟ ದೊಡ್ಡದಲ್ಲ. ಅದಕ್ಕೆ ಆಗುವ ಪೆಟ್ಟು ಬೇರೆ. ಒಳಗಿನ ಸತುವಿನ ಪುಡಿ ನಿಧಾನವಾಗಿ ಸವೆಯುತ್ತ ಹೈಡ್ರೋಜನ್ ಬಿಡುತ್ತದೆ, ಒತ್ತಡ ಏರಿ ಬುಡದ ಮುದ್ರೆ ಬಿರುಕು ಬಿಡುತ್ತದೆ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರ ಹೊರಗೆ ಒಸರಿ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಹರಳಾಗುತ್ತದೆ. ಹಳೆಯ ಬಗೆಯ ಅಗ್ಗದ ಜಿಂಕ್ ಕಾರ್ಬನ್ ಸೆಲ್ಲಿನದು ಇನ್ನೊಂದು ಕಥೆ. ಚಿಕ್ಕಂದಿನಲ್ಲಿ ಸತ್ತ ಸೆಲ್ಲನ್ನು ಕಲ್ಲಿನಿಂದ ಜಜ್ಜಿ, ಒಳಗಿನ ಕಪ್ಪು ಕಡ್ಡಿಯಿಂದ ಗೋಡೆಯ ಮೇಲೆ ಗೀಚಿದವರಿಗೆಲ್ಲ ಅದರ ರಚನೆ ಗೊತ್ತು: ನಡುವೆ ಇಂಗಾಲದ ಕಡ್ಡಿ, ಸುತ್ತ ಕಪ್ಪು ಹಿಟ್ಟು, ಹೊರಗೆ ಸತುವಿನ ಡಬ್ಬಿ. ಆ ಡಬ್ಬಿಯೇ ವಿದ್ಯುತ್ತಿಗಾಗಿ ಕರಗುವ ಭಾಗ. ಖಾಲಿಯಾಗುತ್ತ ಬಂದಂತೆ ಗೋಡೆ ತೆಳುವಾಗಿ ತೂತು ಬೀಳುವುದರಿಂದ, ಸತ್ತ ಸೆಲ್ಲನ್ನು ರಿಮೋಟಿನೊಳಗೆ ಬಿಡುವುದು ಎಂದರೆ ಸೋರಲು ಅನುಮತಿ ಕೊಟ್ಟಂತೆ.

ಆರಿದ್ರಾ ಮಳೆಯ ಮೊದಲ ವಾರ ಮನೆಯ ಎಲ್ಲ ಸೆಲ್ಲುಗಳನ್ನೂ ನಡುಮನೆಯ ಚಾಪೆಯ ಮೇಲೆ ಸುರಿದು ವಿಂಗಡಿಸಿದೆ. ಡಬ್ಬಿಯಿಂದ, ಮೇಜಿನ ಡ್ರಾಯರಿನಿಂದ, ಬಳಸದ ಆಟಿಕೆಗಳಿಂದ, ಕೆಟ್ಟ ರಿಮೋಟುಗಳಿಂದ ತೆಗೆದವೆಲ್ಲ ಸೇರಿ 61 ಆದವು. ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯಲು ವೋಲ್ಟು ಅಳೆಯುವ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ ನೋಡಿದರೆ ಸಾಲದು. ಹೊರೆ ಇಲ್ಲದಾಗ ಬಳಲಿದ ಸೆಲ್ಲು ಕೂಡ 1.4 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಆದ್ದರಿಂದ ಹೊರೆಯಾಗಿ ಕರೆಂಟು ಎಳೆಯಲೆಂದು 10 ಓಮ್, 1 ವ್ಯಾಟಿನ ಒಂದು ರೆಸಿಸ್ಟರನ್ನು ಮೀಟರಿನ ಎರಡು ಕಡ್ಡಿಗಳಿಗೆ ಮೊಸಳೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡೆ. ಕಂದು, ಕಪ್ಪು, ಕಪ್ಪು, ಚಿನ್ನದ ಪಟ್ಟಿ ಇರುವ ಈ ರೆಸಿಸ್ಟರ್ 1.5 ವೋಲ್ಟಿನ ಸೆಲ್ಲಿನಿಂದ 150 ಮಿಲಿಆಂಪಿಯರ್ ಎಳೆಯುತ್ತದೆ. ಸಣ್ಣ ಟಾರ್ಚಿನ ಹೊರೆಗೆ ಇದು ಹತ್ತಿರ. ಐದು ಸೆಕೆಂಡು ಹಿಡಿದು ಓದಿದಾಗ 1.4 ವೋಲ್ಟಿಗಿಂತ ಮೇಲಿದ್ದವನ್ನು ಹೊಸದೆಂದೂ, 1.2ರಿಂದ 1.4ರ ನಡುವಿನವನ್ನು ಗಡಿಯಾರ ಮತ್ತು ರಿಮೋಟಿಗೆಂದೂ, ಅದಕ್ಕಿಂತ ಕೆಳಗಿನವನ್ನು ವಿಲೇವಾರಿಗೆಂದೂ ಬೇರ್ಪಡಿಸಿದೆ. ನನ್ನ ಲೆಕ್ಕದಲ್ಲಿ 23 ಹೊಸವು, 17 ಅರ್ಧ ಬಳಸಿದವು ಉಳಿದವು.

ಸೆಲ್ಲನ್ನು ನೆಲಕ್ಕೆ ಬೀಳಿಸಿ, ಪುಟಿದರೆ ಸತ್ತಿದೆ ಎಂದು ತೀರ್ಮಾನಿಸುವ ಒಂದು ಪದ್ಧತಿ ಚಾಲ್ತಿಯಲ್ಲಿದೆ. ಆಲ್ಕಲೈನ್ ಸೆಲ್ಲಿನೊಳಗಿನ ಸತುವಿನ ಅಂಟು ಆಕ್ಸೈಡ್ ಆಗಿ ಗಟ್ಟಿಯಾಗುವುದರಿಂದ ಅದು ಪುಟಿಯುವುದು ನಿಜ, ಆದರೆ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದಂತೆ ಆ ಪುಟಿತ ಸುಮಾರು ಅರ್ಧ ಶಕ್ತಿ ಉಳಿದಿರುವಾಗಲೇ ತನ್ನ ಗರಿಷ್ಠ ಮುಟ್ಟಿಬಿಡುತ್ತದೆ. ಪುಟಿದದ್ದನ್ನೆಲ್ಲ ಎಸೆದರೆ ಗಡಿಯಾರವನ್ನು ವರ್ಷವಿಡೀ ನಡೆಸಬಲ್ಲ ಸೆಲ್ಲುಗಳೂ ಹೋಗುತ್ತವೆ. ಬಳಲಿದ ಸೆಲ್ಲನ್ನು ಬಿಸಿಲಿಗೋ ಒಲೆಯ ಕಟ್ಟೆಯ ಮೇಲೋ ಇಟ್ಟು ಚೇತರಿಸಿಕೊಳ್ಳುವ ಹಳೆಯ ಉಪಾಯವೂ ನಮ್ಮಲ್ಲಿದೆ. ಬಿಸಿಗೆ ಒಳಗಿನ ತಡೆ ಕಡಿಮೆಯಾಗಿ ಸ್ವಲ್ಪ ಹೊತ್ತು ಬೆಳಕು ಬರುತ್ತದೆ, ಆದರೆ ತೆಳುವಾದ ಸತುವಿನ ಡಬ್ಬಿಗೆ ಆ ಬಿಸಿಯೇ ಕೊನೆಯ ಏಟು. ಕಾಡಂಚಿನಲ್ಲಿ ರಾತ್ರಿ ಸಿಕ್ಕಿಬಿದ್ದವರು ಮಾಡಿದರೆ ತಪ್ಪೆನ್ನಲಾರೆ. ಮನೆಯಲ್ಲಿ ಬೇಡ.

ರೇಡಿಯೊದ ದುರಸ್ತಿಗೆ ಎರಡು ಮಧ್ಯಾಹ್ನ ಹಿಡಿಯಿತು. ಸೆಲ್ಲಿನ ಗೂಡಿನ ಕೊನೆಯಲ್ಲಿ ಸ್ಪ್ರಿಂಗಿನ ಕೆಳಗಿನ ಎರಡು ಸುರುಳಿಗಳು ನುಣುಪಾದ ನೀಲಿ ಹಸಿರು ಹೊದಿಕೆಯಲ್ಲಿ ಮುಚ್ಚಿಹೋಗಿದ್ದವು, ಮೇಲಿನ ಸುರುಳಿಗಳಿಗೆ ಸಕ್ಕರೆ ಪಾಕ ಆರಿದಂತೆ ಬಿಳಿ ಕಣಗಳು ಅಂಟಿದ್ದವು. ಕ್ಷಾರ ಚರ್ಮವನ್ನು ಸುಡುವುದರಿಂದ ಕೈಗವಸು ಹಾಕಿಕೊಂಡು, ಮೊದಲು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಉದುರುವಷ್ಟನ್ನು ಕಾಗದದ ಮೇಲೆ ಉದುರಿಸಿದೆ. ಬಳಿಕ ಊದುಬತ್ತಿಯ ಖಾಲಿ ಕಡ್ಡಿಗೆ ಹತ್ತಿ ಸುತ್ತಿ, ವಿನೆಗರಿನಲ್ಲಿ ಅದ್ದಿ ತಾಗಿಸಿದಾಗ ಬಿಳಿ ಕಣಗಳು ಸಣ್ಣ ಸದ್ದಿನೊಂದಿಗೆ ನೊರೆಯಾಗಿ ಕರಗಿದವು. ಅದು ಕಾರ್ಬೊನೇಟ್ ಆಮ್ಲಕ್ಕೆ ಸಿಕ್ಕ ಗುರುತು, ನೊರೆ ನಿಂತಾಗ ಕ್ಷಾರ ಮುಗಿದಿದೆ ಎಂದರ್ಥ. ನಿಂಬೆರಸವೂ ನಡೆಯುತ್ತದೆ. ತಾಮ್ರದ ಚೊಂಬು ಬೆಳಗುವ ಹುಣಸೆಹಣ್ಣು ಇದಕ್ಕೆ ಬೇಡ, ಅದರ ಅಂಟು ಸಂದಿಯಲ್ಲಿ ಉಳಿದು ಮತ್ತೆ ತೇವ ಎಳೆಯುತ್ತದೆ. ಜಿಂಕ್ ಕಾರ್ಬನ್ ಸೆಲ್ಲು ಸೋರಿದ್ದರೆ ಒಸರುವುದು ಆಮ್ಲ ಗುಣದ ಲವಣವಾದ್ದರಿಂದ ವಿನೆಗರಿನ ಬದಲು ಅಡುಗೆ ಸೋಡಾದ ನೀರು ಬಳಸಬೇಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಂದು ರಾತ್ರಿ ಒಣಗಲು ಬಿಟ್ಟೆ. ಕೆಳಗಿನ ಸುರುಳಿಗಳ ಲೇಪ ಪೂರ್ತಿ ಹೋಗಿ ಕಬ್ಬಿಣ ಕಾಣುತ್ತಿದ್ದುದರಿಂದ ಆ ಸ್ಪ್ರಿಂಗನ್ನು ಕತ್ತರಿಸಿ, ಒಂದು ಹಳೆಯ ಎಮರ್ಜೆನ್ಸಿ ಲೈಟಿನಿಂದ ತೆಗೆದ ಸ್ಪ್ರಿಂಗನ್ನು ಬೆಸುಗೆ ಹಾಕಿದೆ. ಮರುದಿನ ರಾತ್ರಿ ಏಳರ ಹೊತ್ತಿಗೆ ರೇಡಿಯೊ ಮಾತಾಡಿತು. ಈಗ ಅದನ್ನು ಕೇಳದ ದಿನಗಳಲ್ಲಿ ಸೆಲ್ಲುಗಳನ್ನು ಹೊರತೆಗೆದೇ ಇಡುತ್ತೇವೆ.

ಇನ್ನು ಪೆಟ್ಟಿಗೆ. ತಂಪು ಕೋಣೆಯೊಳಗೆ ಒಣಗಾಳಿಯ ಒಂದು ತುಂಡನ್ನು ಬೇಲಿ ಹಾಕಿ ಉಳಿಸಿಕೊಳ್ಳುವುದು ಯೋಜನೆ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇದ್ದು ನಾಲ್ಕು ಕಡೆ ಕ್ಲಿಪ್ಪು ಬೀಳುವ 15 ಲೀಟರಿನ ಪ್ಲಾಸ್ಟಿಕ್ ಡಬ್ಬಿಯನ್ನೂ, ಒದ್ದೆಯಾದಾಗ ಕಿತ್ತಳೆಯಿಂದ ಹಸಿರಿಗೆ ತಿರುಗುವ ಸಿಲಿಕಾ ಜೆಲ್ ಕಾಳುಗಳನ್ನೂ ಚಿಕ್ಕಮಗಳೂರಿನಿಂದ ತಂದೆ. ಸೆಲ್ಲುಗಳನ್ನು ಡಬ್ಬಿಗೆ ಸುರಿದು ಮುಚ್ಚುವಂತಿಲ್ಲ, ಒಂದರ ಮೊಗ ಇನ್ನೊಂದರ ಬುಡಕ್ಕೆ ತಾಗಿ ಶಾರ್ಟ್ ಆಗಬಹುದು. ಅದರಲ್ಲೂ ಎರಡೂ ಧ್ರುವಗಳು ಒಂದೇ ತುದಿಯಲ್ಲಿರುವ 9 ವೋಲ್ಟಿನ ಚೌಕ ಬ್ಯಾಟರಿಗೆ ಒಂದು ನಾಣ್ಯ ಅಡ್ಡ ಬಿದ್ದರೂ ಸಾಕು, ಬಿಸಿಯಾಗಿ ಬೆಂಕಿಗೂ ಕಾರಣವಾದೀತು. ಹಾಗಾಗಿ ಪ್ರತಿ ಸೆಲ್ಲಿಗೂ ಒಂದೊಂದು ತೂತಿರುವ ಹಲಗೆ ಬೇಕಾಯಿತು.

ತೋಟದಲ್ಲಿ ನೆರಳಿಗೆಂದು ಬೆಳೆದ ಸಿಲ್ವರ್ ಓಕ್ ಇದ್ದೇ ಇದೆ. ಸಾಮಿಲ್ಲಿನಿಂದ ಬಂದ ಒಂದೂವರೆ ಇಂಚು ದಪ್ಪದ ಹಲಗೆಯನ್ನು 35 ಸೆಂಟಿಮೀಟರ್ ಉದ್ದ, 14 ಸೆಂಟಿಮೀಟರ್ ಅಗಲಕ್ಕೆ ಕೊಯ್ದುಕೊಂಡೆ. ಅಂಗಡಿಯಲ್ಲಿ ಗಡಿಯಾರದ ಸೆಲ್ಲು ಎಂದು ಕೇಳುವ ಎಎ ಅಳತೆಯ ಸೆಲ್ಲಿನ ವ್ಯಾಸ 14.5 ಮಿಲಿಮೀಟರ್, ರಿಮೋಟ್ ಸೆಲ್ಲೆನ್ನುವ ಎಎಎ ಅಳತೆಯದು 10.5, ದೊಡ್ಡ ಟಾರ್ಚ್ ಸೆಲ್ಲಿನದು ಸುಮಾರು 34. ಅವಕ್ಕೆ ಕ್ರಮವಾಗಿ 16, 12 ಮತ್ತು 35 ಮಿಲಿಮೀಟರಿನ ಬಿಟ್ಟುಗಳಿಂದ ತೂತು ಹೊಡೆದೆ, 24 ಎಎಗೆ, 16 ಎಎಎಗೆ, ನಾಲ್ಕು ದೊಡ್ಡವಕ್ಕೆ. ತೂತು ಆಚೆ ಬದಿಗೆ ಹಾಯಬಾರದೆಂದು ಬಿಟ್ಟಿನ ಮೇಲೆ 30 ಮಿಲಿಮೀಟರಿಗೆ ಟೇಪು ಸುತ್ತಿ ಗುರುತು ಮಾಡಿಕೊಂಡಿದ್ದೆ. ಆಳ ಅಷ್ಟಿದ್ದರೆ ಎಎ ಸೆಲ್ಲಿನ 20 ಮಿಲಿಮೀಟರ್ ಮೇಲುಳಿದು ಬೆರಳಿಗೆ ಸಿಗುತ್ತದೆ. ಎಎಎಗೆ 25 ಸಾಕು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಹಲಗೆಯನ್ನು ಡಬ್ಬಿಯೊಳಗಿಟ್ಟು, ಸೆಲ್ಲು ಜೋಡಿಸಿ, 100 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಯ ಚೀಲದಲ್ಲಿ ಹಾಕಿ ಮುಚ್ಚಿದೆ. ಮರುದಿನ ಒಳಗಿನ ಮಾಪಕ ಶೇಕಡಾ 70 ತೋರಿಸಿತು. ಇಳಿಯುತ್ತಿದೆ ಎಂದುಕೊಂಡೆ. ಮೂರನೆಯ ದಿನ ಕಾಳುಗಳೆಲ್ಲ ಹಸಿರಾಗಿ, ತೇವ ಶೇಕಡಾ 78ಕ್ಕೆ ಏರಿತ್ತು. ಮುಚ್ಚಳ ಸೋರುತ್ತಿದೆಯೆಂದು ಅನುಮಾನಿಸಿ, ಹಲಗೆ ಸೆಲ್ಲುಗಳನ್ನೆಲ್ಲ ತೆಗೆದು ಖಾಲಿ ಡಬ್ಬಿಯನ್ನು ಬಕೆಟ್ಟಿನ ನೀರಿನಲ್ಲಿ ಅದುಮಿ ನೋಡಿದೆ, ಒಂದು ಗುಳ್ಳೆಯೂ ಬರಲಿಲ್ಲ. ಕಿಟಕಿ ರಿಪೇರಿಗೆ ಬಂದಿದ್ದ ಆಚಾರ್ರು ಹಲಗೆಯನ್ನು ಕೈಯಲ್ಲಿ ತೂಗಿ ನೋಡಿ, "ಇದು ಹಸಿ ಹಲಗೆ ಕಣ್ರೀ, ಮಳೇಲಿ ಕೊಯ್ದಿದ್ದು ತಾನಾಗೇ ಒಣಗೋಕೆ ಮಾಗಿ ಬರ್ಬೇಕು" ಎಂದರು. "ಹಾಗಾದ್ರೆ ಅಟ್ಟಕ್ಕೆ ಹಾಕ್ಲಾ ಆಚಾರ್ರೇ?" ಎಂದೆ. "ಹಾಕಿ, ಆದ್ರೆ ಒಲೆ ಕಡೆಯಿಂದ ಸ್ವಲ್ಪ ದೂರ, ಇಲ್ದಿದ್ರೆ ಸೀಳ್ತದೆ" ಎಂದರು.

ಅಡುಗೆಮನೆಯ ತಕ್ಕಡಿಯಲ್ಲಿ ಹಲಗೆ 912 ಗ್ರಾಂ ತೂಗಿತು. ಹದಿನೈದು ದಿನ ಅಟ್ಟದ ಮೇಲಿದ್ದು ಇಳಿದಾಗ 838 ಗ್ರಾಂ. 74 ಗ್ರಾಂ ನೀರು ಆರಿಹೋಗಿತ್ತು. ಲೆಕ್ಕ ಹಾಕಿ ನೋಡಿ: 21 ಡಿಗ್ರಿಯ, ಶೇಕಡಾ 92 ತೇವದ 15 ಲೀಟರ್ ಗಾಳಿಯಲ್ಲಿರುವ ಒಟ್ಟು ನೀರು ಕಾಲು ಗ್ರಾಂ ಮಾತ್ರ. ಗಾಳಿಯನ್ನು ಒಣಗಿಸಲು ಒಂದು ಚಿಟಿಕೆ ಸಿಲಿಕಾ ಸಾಕಿತ್ತು. ನಾನು ಅದರೊಂದಿಗೆ ಮುನ್ನೂರು ಪಟ್ಟು ನೀರು ಕುಡಿದಿದ್ದ ಮರವನ್ನು ಒಳಗೆ ಕೂರಿಸಿದ್ದೆ. ಸಿಲಿಕಾ ಜೆಲ್ ತನ್ನ ತೂಕದ ಶೇಕಡಾ 35ರಿಂದ 40ರಷ್ಟನ್ನು ಮಾತ್ರ ಹೀರಬಲ್ಲದು, ಅಂದರೆ ಆ ಹಲಗೆಯೊಂದಕ್ಕೇ ಸುಮಾರು 200 ಗ್ರಾಂ ಬೇಕಿತ್ತು. ಮಳೆಗಾಲದಲ್ಲಿ ಇಂಥ ಪೆಟ್ಟಿಗೆ ಮಾಡುವವರು ಮರ, ರಟ್ಟು, ಕಾಗದ, ಬಟ್ಟೆ ಯಾವುದನ್ನು ಒಳಗಿಡುವುದಿದ್ದರೂ ಮೊದಲು ಬೆಚ್ಚಗೆ ಒಣಗಿಸಿಕೊಳ್ಳಬೇಕು. ಸೆಲ್ಲಿಗೆ ಸಲ್ಲದ ಅಟ್ಟ ಸೆಲ್ಲಿನ ಹಲಗೆಗೆ ಒದಗಿತು.

ಒಣಗಿದ ಹಲಗೆಗೆ ಎರಡು ಕೈ ಸ್ಪಿರಿಟ್ ಪಾಲಿಶ್ ಹೊಡೆದು, ಪುಷ್ಯ ಮಳೆಯ ಕೊನೆಯಲ್ಲಿ ಮತ್ತೆ ಡಬ್ಬಿ ಮುಚ್ಚಿದೆ. ಹಸಿರಾಗಿದ್ದ ಕಾಳುಗಳನ್ನು ಅಡುಗೆಗೆ ಬಳಸದ ಒಂದು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, 120 ಡಿಗ್ರಿ ಮೀರದಂತೆ ಹುರಿದಾಗ ಮತ್ತೆ ಕಿತ್ತಳೆಗೆ ಬಂದವು. ಎರಡನೆಯ ದಿನಕ್ಕೆ ಶೇಕಡಾ 51, ವಾರದಲ್ಲಿ 44. ಇದನ್ನು ಬರೆಯುವವರೆಗೂ ಅದು 50 ದಾಟಿಲ್ಲ, ತಾಪ 22 ಮೀರಿಲ್ಲ.

ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ತಂಗಿ ಫೋನಿನಲ್ಲಿ ಕೇಳಿದಳು. ಬಯಲುಸೀಮೆಯ ಬೇಸಿಗೆಯಲ್ಲಿ, ಮನೆಯೊಳಗೇ 35 ಡಿಗ್ರಿ ದಾಟುವ ಕಡೆ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಇಟ್ಟರೆ ನಿಕಲ್ ಸೆಲ್ಲುಗಳಿಗೆ ಲಾಭವಿದೆ. ನಮ್ಮಲ್ಲಿ ಅದು ತಿರುಗುಬಾಣ. ಶೇಕಡಾ 92 ತೇವದ ಕೋಣೆಯಲ್ಲಿ 20 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಇಬ್ಬನಿ ಕೂರುತ್ತದೆ, ಐದು ಡಿಗ್ರಿಯ ಸೆಲ್ಲನ್ನು ಹೊರತೆಗೆದ ಎರಡೇ ನಿಮಿಷದಲ್ಲಿ ಅದು ನೀರಲ್ಲಿ ಅದ್ದಿ ತೆಗೆದಂತಾಗಿತ್ತು. ಉತ್ತರದ ಕೋಣೆಯ ತಂಪು ನಮಗೆ ಪುಕ್ಕಟೆಯಾಗಿ ಸಿಕ್ಕಿರುವಾಗ ಫ್ರಿಜ್ಜಿನ ಹಂಗು ಯಾಕೆ ಎಂದು ಅವಳಿಗೆ ಹೇಳಿದೆ.

ಹಲಗೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ತುಂಬಿದ ಸೆಲ್ಲು ಮೊಗ ಮೇಲೆ, ಬಳಸಿದ ಸೆಲ್ಲು ಮೊಗ ಕೆಳಗೆ. ಕತ್ತಲಲ್ಲಿ ಬೆರಳಾಡಿಸಿದರೂ ಗುಬುಟು ಸಿಕ್ಕಿದರೆ ತುಂಬಿದ್ದು, ಚಪ್ಪಟೆ ಸಿಕ್ಕಿದರೆ ಖಾಲಿ ಎಂದು ತಿಳಿಯುತ್ತದೆ. ಚಾರ್ಜ್ ಮಾಡುವ ಸೆಲ್ಲುಗಳನ್ನು ನಾಲ್ಕು ನಾಲ್ಕರ ಜೊತೆ ಮಾಡಿ, ಬಿಳಿ ಟೇಪಿನ ಮೇಲೆ ಗುಂಪಿನ ಅಕ್ಷರ ಮತ್ತು ಕೊಂಡ ತಿಂಗಳು ಬರೆದಿದ್ದೇನೆ. ಹಳತು ಹೊಸತು ಬೆರೆಸಿ ಒಂದೇ ಟಾರ್ಚಿಗೆ ಹಾಕಿದರೆ ಮೊದಲು ಖಾಲಿಯಾದ ಸೆಲ್ಲಿನ ಮೂಲಕ ಉಳಿದವು ವಿದ್ಯುತ್ತನ್ನು ತಳ್ಳಿ ಅದರ ಧ್ರುವವನ್ನೇ ತಿರುಗಿಸುತ್ತವೆ, ನಿಕಲ್ ಸೆಲ್ಲು ಸಾಯುವ ಸಾಮಾನ್ಯ ದಾರಿ ಇದು.

ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಲ್ಲೇ ಎರಡು ಜಾತಿ ಇರುವುದನ್ನು ಕೊಳ್ಳುವಾಗ ಗಮನಿಸಬೇಕು. ಹಳೆಯ ಬಗೆಯವು ಕೋಣೆಯ ತಾಪದಲ್ಲೇ ತಿಂಗಳಿಗೆ ಶೇಕಡಾ 20ರಿಂದ 30ರಷ್ಟು ತಾವಾಗಿಯೇ ಇಳಿಯುತ್ತವೆ. ಅಟ್ಟದಲ್ಲಿಟ್ಟ ನಮ್ಮವು ಹತ್ತು ನಿಮಿಷಕ್ಕೆ ಆರಿದ್ದು ಅದಕ್ಕೇ. 2005ರಲ್ಲಿ ಸಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ನಿಧಾನವಾಗಿ ಇಳಿಯುವ ಬಗೆಯನ್ನು ತಂದಿತು, ಈಗ ಹಲವರು ಆ ಬಗೆಯವನ್ನು ಮಾಡುತ್ತಾರೆ. ಅವು ಒಂದು ವರ್ಷದ ಬಳಿಕವೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುತ್ತವೆ. ಮಳೆಗಾಲದ ಟಾರ್ಚಿಗೆ ಇವೇ ಸರಿ, ಹೆಚ್ಚು ಮಿಲಿಆಂಪಿಯರ್ ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಂಕೆ) ಬರೆದ ಹಳೆಯ ಬಗೆಯವಲ್ಲ. ಇವನ್ನು ತುಂಬಿಸಿಟ್ಟರೂ ತೊಂದರೆಯಿಲ್ಲ. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ ಚಾರ್ಜರು ಇದ್ದರೆ ಆಯುಸ್ಸು ಹೆಚ್ಚು. ಅದಿಲ್ಲದಿದ್ದರೆ 2000 ಮಿಲಿಆಂಪಿಯರ್ ಅವರಿನ ಸೆಲ್ಲಿಗೆ 200 ಮಿಲಿಆಂಪಿಯರಿನಂತೆ 14ರಿಂದ 16 ಗಂಟೆ ನಿಧಾನವಾಗಿ ತುಂಬಿಸಬಹುದು. ಚಾರ್ಜ್ ಮಾಡುವ ಕೆಲಸ ಯಾವಾಗಲೂ ಡಬ್ಬಿಯ ಹೊರಗೆ.

ಲಿಥಿಯಂ ಅಯಾನ್ ಸೆಲ್ಲುಗಳಿಗೆ ಈ ಡಬ್ಬಿಯಲ್ಲಿ ಜಾಗ ಕೊಟ್ಟಿಲ್ಲ. ತಲೆಗೆ ಕಟ್ಟುವ ಟಾರ್ಚಿನ 18650 ಎಂಬ ಅಳತೆಯ ಸೆಲ್ಲುಗಳು, ಡ್ರಿಲ್ ಮಷೀನಿನ ಪ್ಯಾಕು, ಬಳಸದ ಎರಡು ಮೊಬೈಲುಗಳು ನಮ್ಮಲ್ಲಿವೆ. ಇವು ಕೆಟ್ಟರೆ ಅನಿಲವೂ ಬೆಂಕಿಯೂ ಬರುವುದರಿಂದ ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬಂಧಿಸುವುದು ಸರಿಯಲ್ಲ. ಪ್ರತಿಯೊಂದನ್ನೂ ಅದರದೇ ಪ್ಲಾಸ್ಟಿಕ್ ಗೂಡಿನಲ್ಲಿ ಹಾಕಿ, ಮುಚ್ಚಳ ಸಡಿಲವಿರುವ ಸ್ಟೀಲ್ ಡಬ್ಬದಲ್ಲಿ, ಅದೇ ಕೋಣೆಯ ಕಡಪ ಕಲ್ಲಿನ ಕಪಾಟಿನ ಮೇಲೆ, ಬಟ್ಟೆ ಕಾಗದಗಳಿಂದ ದೂರ ಇಟ್ಟಿದ್ದೇನೆ.

ಇವುಗಳ ವಿಷಯದಲ್ಲಿ ತುಂಬಿಸಿಡುವುದೇ ದೊಡ್ಡ ತಪ್ಪು ಎನ್ನುವುದನ್ನು ನಮ್ಮ ಮನೆಯವರಿಗೆ ಒಪ್ಪಿಸಲು ಹೊತ್ತು ಹಿಡಿಯಿತು. ಒಂದು ವರ್ಷ ಸುಮ್ಮನೆ ಇಟ್ಟ ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಮರಳಿ ಪಡೆಯಬಹುದಾದ ಸಾಮರ್ಥ್ಯಕ್ಕೆ ಸಾಮಾನ್ಯವಾಗಿ ಕೊಡುವ ಲೆಕ್ಕ ಹೀಗಿದೆ: 25 ಡಿಗ್ರಿಯಲ್ಲಿ ಶೇಕಡಾ 40ರಷ್ಟು ಚಾರ್ಜ್ ಮಾಡಿ ಇಟ್ಟದ್ದು ಸುಮಾರು 96 ಉಳಿಸಿಕೊಂಡರೆ, ಪೂರ್ತಿ ತುಂಬಿಸಿಟ್ಟದ್ದು 80ಕ್ಕೆ ಇಳಿಯುತ್ತದೆ. ತಾಪ 40 ಡಿಗ್ರಿಯಾದರೆ ಅವು 85 ಮತ್ತು 65. ಈ ನಷ್ಟ ಮತ್ತೆ ಚಾರ್ಜ್ ಮಾಡಿದರೆ ತುಂಬಿಬರುವಂಥದ್ದಲ್ಲ, ಸೆಲ್ಲೇ ಅಷ್ಟು ಸಣ್ಣದಾಗುತ್ತದೆ. ಹಾಗಾಗಿ 4.2 ವೋಲ್ಟಿಗೆ ತುಂಬುವ 18650 ಸೆಲ್ಲನ್ನು 3.7ರಿಂದ 3.8 ವೋಲ್ಟಿನ ಹತ್ತಿರಕ್ಕೆ ಇಳಿಸಿ ಇಡುತ್ತೇನೆ. ಐದು ಸೆಲ್ಲುಗಳನ್ನು ಸರಣಿಯಾಗಿ ಜೋಡಿಸಿದ ಡ್ರಿಲ್ ಪ್ಯಾಕು ಪೂರ್ತಿ ತುಂಬಿದಾಗ 21 ವೋಲ್ಟ್, ಅದನ್ನು 19ರ ಆಸುಪಾಸಿಗೆ ತಂದು ಮಷೀನಿನಿಂದ ಕಳಚಿ ಇಡಬೇಕು. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು. ನಾಳೆ ಬೇಕಾಗುವ ತಲೆಟಾರ್ಚಿನ ಮಾತು ಬೇರೆ, ಮಳೆಗಾಲದಲ್ಲಿ ಒಂದು ಸೆಲ್ಲು ತುಂಬಿಯೇ ಇರಲಿ, ಅದಕ್ಕಾಗುವ ಸವೆತ ನಮ್ಮ ಸುರಕ್ಷತೆಗೆ ತೆರುವ ಬೆಲೆ.

ವಿಂಗಡಿಸುವಾಗ ಒಂದು 18650 ಸೆಲ್ಲು 0.9 ವೋಲ್ಟ್ ತೋರಿಸಿತ್ತು. ಇಷ್ಟು ಕೆಳಗಿಳಿದು ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಿರುತ್ತದೆ. ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ಜೀವ ಬರಿಸುವ ಉಪಾಯಗಳನ್ನು ಹಲವರು ಹೇಳುತ್ತಾರೆ, ನಾನು ಮಾಡುವುದಿಲ್ಲ, ಮಾಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ.

ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್, 8 ಆಂಪಿಯರ್ ಅವರ್ ಸೀಸದ ಬ್ಯಾಟರಿಯನ್ನು ಇಡುವ ನಿಯಮ ಲಿಥಿಯಂ ಅಯಾನಿನದಕ್ಕೆ ತದ್ವಿರುದ್ಧ. ಹೋದ ವರ್ಷ ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಿ, ಅರ್ಧ ಇಳಿದಿದ್ದ ಬ್ಯಾಟರಿಯನ್ನು ಹಾಗೆಯೇ ಕೊಟ್ಟಿಗೆಯ ಮೂಲೆಗೆ ಇಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದಾಗ 9.8 ವೋಲ್ಟ್. ಚಾರ್ಜರಿಗೆ ಹಾಕಿದ ಅರ್ಧ ಗಂಟೆಯಲ್ಲೇ ತುಂಬಿದೆಯೆಂದು ದೀಪ ತೋರಿಸಿತು, ಪಂಪು ಐದು ನಿಮಿಷಕ್ಕೆ ನಿಂತಿತು. ಇಳಿದ ಸ್ಥಿತಿಯಲ್ಲಿ ಬಿಟ್ಟ ಸೀಸದ ಫಲಕದ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಆಮೇಲೆ ಅದು ಕರಗುವುದಿಲ್ಲ. ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೇ ಇಡಬೇಕು. ತುಂಬಿ ಕೆಲವು ಗಂಟೆ ವಿಶ್ರಮಿಸಿದ ಮೇಲೆ 12.7 ವೋಲ್ಟಿನ ಹತ್ತಿರ ಇರಬೇಕು, 12.4ಕ್ಕೆ ಇಳಿಯುವ ಮುಂಚೆ ಮತ್ತೆ ಚಾರ್ಜ್ ಕೊಡಬೇಕು. ಹೊಸದನ್ನು ಈ ವರ್ಷ ಎರಡು ತಿಂಗಳಿಗೊಮ್ಮೆ ತುಂಬಿಸುತ್ತಿದ್ದೇನೆ. ಸಿಮೆಂಟಿನ ನೆಲಕ್ಕೆ ತಾಗಿದರೆ ಚಾರ್ಜ್ ಇಳಿಯುತ್ತದೆ ಎಂಬ ನಂಬಿಕೆ ಮರದ ಮತ್ತು ರಬ್ಬರಿನ ಹೊರಕವಚವಿದ್ದ ಹಳೆಯ ಬ್ಯಾಟರಿಗಳ ಕಾಲದ್ದು, ಇಂದಿನ ಪ್ಲಾಸ್ಟಿಕ್ ಕವಚಕ್ಕೆ ಅದು ಅನ್ವಯಿಸುವುದಿಲ್ಲ. ಆದರೂ ಒರತೆ ಏಳುವ ನಮ್ಮ ಕೊಟ್ಟಿಗೆಯಲ್ಲಿ ಟರ್ಮಿನಲ್ಲಿಗೆ ತುಕ್ಕು ಹತ್ತದಿರಲೆಂದು ಹಲಗೆಯ ಮೇಲೆ ಇಟ್ಟು, ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿದ್ದೇನೆ. ಇದು ಎಂದಿಗೂ ಮುಚ್ಚಿದ ಪೆಟ್ಟಿಗೆಗೆ ಹೋಗಬಾರದು, ಚಾರ್ಜಾಗುವಾಗ ಹೈಡ್ರೋಜನ್ ಹೊರಬರಬಹುದು.

ಗುಂಡಿಯಂಥ ಸಣ್ಣ ಸೆಲ್ಲುಗಳ ಬಗ್ಗೆ ಚಿಕ್ಕ ಮಾತು. ಸಿಆರ್ 2032 ಸೆಲ್ಲುಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ ಇಟ್ಟಿದ್ದೇವೆ, ಡಬ್ಬಿಯನ್ನೇ ಎತ್ತರದ ಬೀರುವಿನಲ್ಲಿ ಬೀಗ ಹಾಕಿ ಇಡುವುದು ಇವುಗಳಿಗಾಗಿ. ಮಗು ನುಂಗಿದರೆ ಇವು ಅನ್ನನಾಳದಲ್ಲಿ ಎರಡು ಗಂಟೆಯೊಳಗೇ ಆಳವಾದ ಸುಟ್ಟಗಾಯ ಮಾಡಬಲ್ಲವು, ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಅಜ್ಜಿಯ ಕಿವಿಯ ಮಷೀನಿನ ಜಿಂಕ್ ಏರ್ ಸೆಲ್ಲು ಗಾಳಿಯನ್ನೇ ಉಂಡು ಕೆಲಸ ಮಾಡುವಂಥದ್ದು. ಬೆನ್ನಿನ ಬಣ್ಣದ ಪಟ್ಟಿಯನ್ನು ಒಮ್ಮೆ ಕಿತ್ತರೆ ಮತ್ತೆ ಅಂಟಿಸಿ ಉಳಿಸಿಕೊಳ್ಳಲಾಗದು, ಬಳಸುವ ದಿನವೇ ಕೀಳಬೇಕು, ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು.

ಸತ್ತ 21 ಸೆಲ್ಲುಗಳ ತುದಿಗಳಿಗೆ ಟೇಪು ಅಂಟಿಸಿ ಬೇರೊಂದು ಡಬ್ಬಿಯಲ್ಲಿಟ್ಟಿದ್ದೇನೆ. ನಮ್ಮಲ್ಲಿ ಇವನ್ನು ಗೊಬ್ಬರದ ಗುಂಡಿಗೋ ಬಚ್ಚಲ ಒಲೆಗೋ ಎಸೆಯುವ ರೂಢಿ ಇನ್ನೂ ಇದೆ. ಬೆಂಕಿಗೆ ಬಿದ್ದ ಸೆಲ್ಲು ಸಿಡಿಯುತ್ತದೆ, ಗೊಬ್ಬರಕ್ಕೆ ಬಿದ್ದದ್ದು ಕಾಫಿ ಗಿಡದ ಬುಡಕ್ಕೆ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್ಲುಗಳನ್ನೂ ಸೇರಿಸಿ ಎಲ್ಲ ಬಗೆಯ ಬ್ಯಾಟರಿಗಳಿಗೆ ಅನ್ವಯಿಸುತ್ತವೆ ಮತ್ತು ಹಳೆಯದನ್ನು ವಾಪಸು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಸ್ಪ್ರೇಯರಿನ ಹಳೆಯ ಸೀಸದ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಯವರೇ ತೂಕದ ಲೆಕ್ಕದಲ್ಲಿ ಬೆಲೆ ಕಳೆದು ತೆಗೆದುಕೊಂಡರು. ಸಣ್ಣವನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಲು ಪೇಟೆಗೆ ಹೋಗುವಾಗ ಒಯ್ಯುತ್ತೇನೆ.

ಆಶ್ಲೇಷಾ ಮಳೆಯಲ್ಲಿ ಮತ್ತೆ ಮೂರು ರಾತ್ರಿ ಕರೆಂಟು ಇರಲಿಲ್ಲ. ಎರಡನೆಯ ರಾತ್ರಿ ಟಾರ್ಚು ಮಂಕಾದಾಗ ಅಮ್ಮ ನನ್ನನ್ನು ಎಬ್ಬಿಸದೆ ತಾವೇ ಬೀಗ ತೆಗೆದು, ಗುಬುಟು ಮುಟ್ಟಿ ನಾಲ್ಕು ಸೆಲ್ಲು ತೆಗೆದು ಹಾಕಿಕೊಂಡಿದ್ದರು. ಬೆಳಿಗ್ಗೆ ನೋಡಿದಾಗ ಖಾಲಿಯಾದ ನಾಲ್ಕೂ ಮೊಗ ಕೆಳಗಾಗಿ ಒಂದೇ ಸಾಲಿನಲ್ಲಿ ಕೂತಿದ್ದವು, ಡಬ್ಬಿಯ ನಾಲ್ಕು ಕ್ಲಿಪ್ಪುಗಳೂ ಬಿದ್ದಿದ್ದವು, ಮಾಪಕ ಶೇಕಡಾ 47 ತೋರಿಸುತ್ತಿತ್ತು. ಸ್ಪ್ರೇಯರಿನ ಬ್ಯಾಟರಿ ಉತ್ತರೆ ಮಳೆಯ ಹೊಳವಿನಲ್ಲಿ 12.6 ವೋಲ್ಟ್ ಇತ್ತು. ಅವತ್ತೇ ತುಂಬಿಸಿ, ಮುಂದಿನ ತಾರೀಖನ್ನು ಕ್ಯಾಲೆಂಡರಿನ ನವೆಂಬರ್ ಪುಟದಲ್ಲಿ ಗುರುತು ಹಾಕಿದ್ದೇನೆ.